ಹಳೆಯ ಗಣಕಯಂತ್ರದಲ್ಲಿ ಲಿನಕ್ಸ್ ಅಳವಡಿಕೆ: ಆರಂಭದ ತೊಡಕುಗಳೂ ಪರಿಹಾರಗಳೂ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಹೊಸ ಪೀಳಿಗೆಯ ಪ್ರೊಸೆಸರೂ ಅಗತ್ಯ. ಇಂಟೆಲ್ ಪ್ರೊಸೆಸರ್‌ಗಳ ಪೈಕಿ 8ನೇ ಪೀಳಿಗೆಗಿಂತ ಹಿಂದಿನವು ಬಹುಮಟ್ಟಿಗೆ ಅಧಿಕೃತ ಪಟ್ಟಿಯಿಂದ ಹೊರಗುಳಿದಿವೆ. ಹೀಗಾಗಿ ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆಗಳಲ್ಲಿ ಇನ್ನೂ ಸುಸ್ಥಿತಿಯಲ್ಲಿರುವ ಹಲವು ಗಣಕಯಂತ್ರಗಳಿಗೆ ಮುಕ್ತ ತಂತ್ರಾಂಶವಾದ ಲಿನಕ್ಸ್ ಒಂದು ಯೋಗ್ಯ ಪರ್ಯಾಯವಾಗಿದೆ. ಆದರೆ ಅಳವಡಿಕೆಯ ಮೊದಲ ದಿನವೇ ಪರದೆ ಕಪ್ಪಾಗಿ ನಿಂತರೆ, ಯಂತ್ರವೇ ಕೆಟ್ಟಿತೆಂದು ಅದನ್ನು ಗುಜರಿಗೆ ಹಾಕುವವರುಂಟು. ಇಂತಹ ತೊಡಕುಗಳಲ್ಲಿ ಹೆಚ್ಚಿನವು ಸರಿಪಡಿಸಲು ಸಾಧ್ಯವಾದವು. ಯಂತ್ರವು ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಗುರುತಿಸಿದರೆ ದೋಷದ ಮೂಲ ಬಹುತೇಕ ತಿಳಿದಂತೆಯೇ. ಈ ವಿಧಾನವನ್ನು ಸದಸ್ಯರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಾಗಿ 2009ರ ಸುಮಾರಿನ, ಕೋರ್ 2 ಡ್ಯುಯೊ ಪ್ರೊಸೆಸರ್ ಹಾಗೂ 4 ಜಿಬಿ ಮೆಮೊರಿ ಇರುವ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಳವಡಿಸುವುದನ್ನು ತೆಗೆದುಕೊಳ್ಳೋಣ.

1. ಮೊದಲು ಲೆಕ್ಕಪತ್ರಗಳ ರಕ್ಷಣೆ

ಕೇಂದ್ರ ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಳವಡಿಕೆಯ ವೇಳೆ 'ಇರೇಸ್ ಡಿಸ್ಕ್' ಎಂಬ ಆಯ್ಕೆಯನ್ನು ಒತ್ತಿದರೆ ಆ ಹಾರ್ಡ್ ಡಿಸ್ಕಿನಲ್ಲಿರುವ ಎಲ್ಲ ಕಡತಗಳೂ ಅಳಿದುಹೋಗುತ್ತವೆ. ಆದ್ದರಿಂದ ಲೆಕ್ಕದ ದತ್ತಾಂಶದ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಕಚೇರಿಯ ಹೊರಗೆ ಇರಿಸತಕ್ಕದ್ದು. ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ತಾಳೆಪಟ್ಟಿ ಸರಿಯಾಗಿ ಬರುವುದೇ ಎಂದು ನೋಡಿದ ಮೇಲೆಯೇ ಮುಂದುವರಿಯಬೇಕು. ಇದಕ್ಕಿಂತಲೂ ಸುರಕ್ಷಿತವಾದ ಕ್ರಮವೆಂದರೆ, ಹಳೆಯ ಡಿಸ್ಕನ್ನು ಕಳಚಿ ಬೀರುವಿನಲ್ಲಿಟ್ಟು, ಹೊಸ ಸಾಟಾ ಎಸ್‌ಎಸ್‌ಡಿಯೊಂದಕ್ಕೆ ಲಿನಕ್ಸ್ ಹಾಕುವುದು. ಇದರಿಂದ ಯಂತ್ರದ ವೇಗವೂ ಹೆಚ್ಚುತ್ತದೆ.

ಲಿನಕ್ಸ್ ಮಿಂಟನ್ನು ಡಿಸ್ಕಿಗೆ ಹಾಕದೆಯೇ ಪೆನ್‌ಡ್ರೈವಿನಿಂದ ನಡೆಸಿ ನೋಡಬಹುದು. ಇದಕ್ಕೆ 'ಲೈವ್' ವಿಧಾನವೆಂದು ಹೆಸರು. ಮುದ್ರಣಯಂತ್ರ, ಡಿಜಿಟಲ್ ಸಹಿಯ ಟೋಕನ್, ಅಂತರಜಾಲ ಸಂಪರ್ಕ ಇವುಗಳನ್ನು ಹೀಗೆ ಪರೀಕ್ಷಿಸಬೇಕು. ವಿಂಡೋಸ್‌ಗಾಗಿಯೇ ಸಿದ್ಧಪಡಿಸಿದ ಲೆಕ್ಕದ ತಂತ್ರಾಂಶವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಅಂತಹ ಕಚೇರಿಗಳು ಒಂದು ಯಂತ್ರವನ್ನಾದರೂ ವಿಂಡೋಸ್‌ನಲ್ಲಿಯೇ ಉಳಿಸಿಕೊಳ್ಳುವುದು ಲೇಸು.

2. ಆರಂಭದ ಐದು ಹಂತಗಳು

ಗುಂಡಿ ಒತ್ತಿದ ಕ್ಷಣದಿಂದ ಪ್ರವೇಶ ಪರದೆಯವರೆಗೆ ಯಂತ್ರವು ಐದು ಹಂತಗಳನ್ನು ದಾಟುತ್ತದೆ. ಮೊದಲನೆಯದಾಗಿ ಮದರ್‌ಬೋರ್ಡಿನಲ್ಲಿರುವ ಬಯೋಸ್ ತಂತ್ರಾಂಶವು ಮೆಮೊರಿ, ಕೀಲಿಮಣೆ ಮುಂತಾದವುಗಳನ್ನು ಪರೀಕ್ಷಿಸುತ್ತದೆ. ಎರಡನೆಯದಾಗಿ ಯಾವ ಡಿಸ್ಕಿನಿಂದ ಆರಂಭಿಸಬೇಕೆಂದು ಹುಡುಕುತ್ತದೆ. ಮೂರನೆಯ ಹಂತದಲ್ಲಿ ಡಿಸ್ಕಿನಲ್ಲಿರುವ ಗ್ರಬ್ ಎಂಬ ಬೂಟ್‌ಲೋಡರ್ ಕಾರ್ಯಪ್ರವೃತ್ತವಾಗುತ್ತದೆ. ಅದು ಲಿನಕ್ಸ್‌ನ ತಿರುಳಾದ ಕರ್ನೆಲನ್ನು ಮೆಮೊರಿಗೆ ತರುವುದು ನಾಲ್ಕನೆಯ ಹಂತ. ಕರ್ನೆಲ್ ಮೂಲ ವಿಭಾಗವನ್ನು ತೆರೆದು ಉಳಿದ ಸೇವೆಗಳನ್ನು ಆರಂಭಿಸುವುದು ಐದನೆಯದು.

ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದಾಗ ನಾವು ಎಲ್ಲ ಪುಸ್ತಕಗಳನ್ನೂ ಹೊಸದಾಗಿ ಬರೆಯುವುದಿಲ್ಲ. ಯಾವ ಪುಟದವರೆಗೆ ಮೊತ್ತ ಸರಿಯಿದೆ ಎಂದು ನೋಡುತ್ತೇವೆ. ಇಲ್ಲಿಯೂ ಕ್ರಮ ಅದೇ. ಕೊನೆಯದಾಗಿ ಪರದೆಯ ಮೇಲೆ ಕಂಡ ಸಂದೇಶವನ್ನು ಬರೆದಿಟ್ಟುಕೊಂಡು, ಒಂದು ಬಾರಿಗೆ ಒಂದೇ ಬದಲಾವಣೆ ಮಾಡತಕ್ಕದ್ದು.

3. ಸಾಮಾನ್ಯ ದೋಷಗಳು ಮತ್ತು ಪರಿಹಾರ

ಅ) ಬ್ಯಾಟರಿಯ ದೋಷ: ನಿನ್ನೆ ನಡೆದ ಯಂತ್ರ ಇಂದು ಬೆಳಿಗ್ಗೆ ನಿಂತು, ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಕ್ಷೀಣಿಸಿದೆ ಎಂದು ತಿಳಿಯಬಹುದು. ಮೇಜಿನ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಇದು ಸಿಆರ್2032 ಎಂಬ 3 ವೋಲ್ಟ್ ನಾಣ್ಯದಾಕಾರದ ಬ್ಯಾಟರಿ. ಇದು ಸತ್ತರೆ ಬಯೋಸ್‌ನ ಆಯ್ಕೆಗಳೆಲ್ಲ ಮೂಲಸ್ಥಿತಿಗೆ ಮರಳುತ್ತವೆ. ತಪ್ಪು ದಿನಾಂಕದಿಂದಾಗಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ; ಬಿಲ್ಲುಗಳ ಮೇಲೂ ತಪ್ಪು ದಿನಾಂಕ ಬೀಳುವ ಅಪಾಯವಿದೆ. ಹಳೆಯ ಯಂತ್ರದಲ್ಲಿ ಬೇರೆ ಯಾವ ಕೆಲಸಕ್ಕೂ ಮುನ್ನ ಇದನ್ನು ಬದಲಿಸುವುದು ಉತ್ತಮ.

ಆ) ಪೆನ್‌ಡ್ರೈವ್ ಆರಂಭವಾಗದಿರುವುದು: ಇಳಿಸಿಕೊಂಡ ಐಎಸ್‌ಒ ಕಡತವನ್ನು ಪೆನ್‌ಡ್ರೈವಿಗೆ ಬರಿದೇ ನಕಲು ಮಾಡಿದರೆ ಸಾಲದು; ರೂಫಸ್ ಅಥವಾ ಬಲೀನಾ ಎಚರ್‌ನಂತಹ ತಂತ್ರಾಂಶದಿಂದ ಬರೆಯಬೇಕು. ಇಳಿಸಿಕೊಂಡ ಕಡತವು ಪೂರ್ಣವಾಗಿದೆಯೇ ಎಂದು ಎಸ್‌ಎಚ್‌ಎ-256 ಮೊತ್ತವನ್ನು ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ಬಳಿಕ ಬಯೋಸ್‌ನಲ್ಲಿ ಪೆನ್‌ಡ್ರೈವಿಗೆ ಮೊದಲ ಸ್ಥಾನ ಕೊಡಬೇಕು. ಪ್ರೊಸೆಸರ್ ಬಗೆಯನ್ನೂ ಗಮನಿಸತಕ್ಕದ್ದು. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್ ಆಗಿದೆ. ಆದರೆ ಆರಂಭದ ಪೆಂಟಿಯಮ್ 4 ಮಾದರಿಗಳು 32 ಬಿಟ್‌ನವು. ಅವು 64 ಬಿಟ್ ಕರ್ನೆಲನ್ನು ನಡೆಸಲಾರವು. ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಪಿಸಿಗಳಿಗೆ ಅಳವಡಿಕೆಯ ಕಡತ ನೀಡುವುದನ್ನು ನಿಲ್ಲಿಸಿದೆ.

ಇ) ಡಿಸ್ಕ್ ಕಾಣದಿರುವುದು: ಪೆನ್‌ಡ್ರೈವ್ ಆರಂಭವಾದರೂ ಅಳವಡಿಕೆಯ ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಕಾಣದಿದ್ದರೆ, ಬಯೋಸ್‌ನಲ್ಲಿ ಸಾಟಾ ವಿಧಾನವು 'ರೇಡ್' ಎಂದಿರುವ ಸಾಧ್ಯತೆಯುಂಟು. ಅದನ್ನು 'ಎಎಚ್‌ಸಿಐ' ಎಂದು ಬದಲಿಸಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ಸಹ ಉಳಿಯಬೇಕಾಗಿದ್ದರೆ ಈ ಬದಲಾವಣೆಯಿಂದ ವಿಂಡೋಸ್ ಆರಂಭವಾಗದೆ ಹೋಗಬಹುದಾದ್ದರಿಂದ, ತಂತ್ರಜ್ಞರ ನೆರವು ಪಡೆಯುವುದು ಕ್ಷೇಮ.

ಈ) 'ನೋ ಬೂಟೆಬಲ್ ಡಿವೈಸ್' ಸಂದೇಶ: ಮೊದಲು ಪೆನ್‌ಡ್ರೈವನ್ನು ತೆಗೆದು, ಬಯೋಸ್‌ನಲ್ಲಿ ಸರಿಯಾದ ಡಿಸ್ಕಿಗೆ ಮೊದಲ ಸ್ಥಾನವಿದೆಯೇ ಎಂದು ನೋಡಬೇಕು. ಅದು ಸರಿಯಿದ್ದರೆ ಡಿಸ್ಕಿನ ವಿಭಜನಾ ಪದ್ಧತಿಗೂ ಯಂತ್ರಕ್ಕೂ ಹೊಂದಾಣಿಕೆ ತಪ್ಪಿರಬಹುದು. ಹಳೆಯ ಬಯೋಸ್, ಡಿಸ್ಕಿನ ಮೊದಲ 512 ಬೈಟುಗಳಲ್ಲಿರುವ ಎಂಬಿಆರ್ ಅನ್ನು ಓದುತ್ತದೆ. ಹೊಸ ಯುಇಎಫ್‌ಐ ವ್ಯವಸ್ಥೆ ಪ್ರತ್ಯೇಕವಾದ ಇಎಫ್‌ಐ ವಿಭಾಗವನ್ನು ಹುಡುಕುತ್ತದೆ. ನಮ್ಮ ಉದಾಹರಣೆಯ ಕಾಲದ ಯಂತ್ರಗಳಲ್ಲಿ ಬಹುತೇಕ ಬಯೋಸ್ ಮಾತ್ರವೇ ಇರುತ್ತದೆ. 2 ಟಿಬಿಗಿಂತ ಚಿಕ್ಕ ಡಿಸ್ಕಿಗೆ ಎಂಬಿಆರ್ ಪದ್ಧತಿಯೇ ಸರಳ. ಜಿಪಿಟಿ ಪದ್ಧತಿಯನ್ನು ಬಳಸಿದ್ದಲ್ಲಿ ಗ್ರಬ್‌ಗಾಗಿ 1 ಎಂಬಿಯ 'ಬಯೋಸ್ ಬೂಟ್' ವಿಭಾಗವನ್ನು ಕಲ್ಪಿಸಬೇಕು.

ಉ) 'ಗ್ರಬ್ ರೆಸ್ಕ್ಯೂ' ಸಂದೇಶ: ಗ್ರಬ್‌ನ ಮೊದಲ ತುಣುಕು ಸಿಕ್ಕಿದೆ, ಉಳಿದ ಭಾಗ ಸಿಗಲಿಲ್ಲ ಎಂದು ಇದರ ಅರ್ಥ. ವಿಭಾಗವೊಂದನ್ನು ಅಳಿಸಿದಾಗ ಅಥವಾ ಡಿಸ್ಕನ್ನು ಮರುವಿಭಜಿಸಿದಾಗ ಹೀಗಾಗುವುದುಂಟು. ಪೆನ್‌ಡ್ರೈವಿನಿಂದ ಲಿನಕ್ಸ್ ಮಿಂಟನ್ನು ಲೈವ್ ವಿಧಾನದಲ್ಲಿ ತೆರೆದು, ಅದರಲ್ಲಿರುವ 'ಬೂಟ್ ರಿಪೇರ್' ಉಪಕರಣವನ್ನು ನಡೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೈಯಿಂದಲೇ ಗ್ರಬ್ ಹಾಕುವವರು ಬಯೋಸ್ ಯಂತ್ರದಲ್ಲಿ ಅದನ್ನು ಇಡೀ ಡಿಸ್ಕಿಗೆ ಹಾಕಬೇಕು, ಡಿಸ್ಕಿನ ಒಂದು ವಿಭಾಗಕ್ಕಲ್ಲ. ಎರಡು ಡಿಸ್ಕುಗಳಿದ್ದರೆ ಗಾತ್ರ ನೋಡಿ ಗುರುತು ಹಿಡಿದ ನಂತರವೇ ಮುಂದುವರಿಯಬೇಕು.

ಊ) ಗ್ರಬ್ ಪಟ್ಟಿಯ ನಂತರ ಕಪ್ಪು ಪರದೆ: ಇದು ಬಹುಶಃ ಗ್ರಾಫಿಕ್ಸ್ ಚಾಲಕದ ತೊಡಕು. ಗ್ರಬ್ ಪಟ್ಟಿಯಲ್ಲಿ 'ಇ' ಕೀಲಿ ಒತ್ತಿ, 'ಲಿನಕ್ಸ್' ಪದದಿಂದ ಆರಂಭವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಎಂಬ ಪದವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೇರಿಸಿ, ಎಫ್10 ಒತ್ತಬೇಕು. ಪರದೆ ಬಂದರೆ ರೋಗನಿದಾನ ಆದಂತೆ. ಈ ಬದಲಾವಣೆ ಆ ಒಂದು ಬಾರಿಗೆ ಮಾತ್ರ. ನಂತರ ತಕ್ಕ ಚಾಲಕವನ್ನು ಅಳವಡಿಸಬೇಕು.

ಋ) 'ಇನಿಟ್‌ರಾಮ್‌ಎಫ್‌ಎಸ್' ಎಂದು ನಿಲ್ಲುವುದು: ಕರ್ನೆಲ್ ಬಂದಿದೆ, ಮೂಲ ವಿಭಾಗ ತೆರೆಯಲಿಲ್ಲ. ಮೊದಲು ಸಾಟಾ ತಂತಿಯನ್ನು ಬಿಗಿಗೊಳಿಸಿ ನೋಡಬೇಕು. ಮತ್ತೆಯೂ ಹಾಗೆಯೇ ಆದರೆ ಲೈವ್ ವಿಧಾನದಲ್ಲಿ 'ಡಿಸ್ಕ್ಸ್' ಉಪಕರಣದಿಂದ ಡಿಸ್ಕಿನ ಸ್ಮಾರ್ಟ್ ವರದಿಯನ್ನು ಪರಿಶೀಲಿಸಬೇಕು. ಡಿಸ್ಕ್ ಕ್ಷೀಣಿಸುತ್ತಿದ್ದರೆ ದುರಸ್ತಿಗೆ ಮುನ್ನ ದತ್ತಾಂಶವನ್ನು ನಕಲು ಮಾಡಿಕೊಳ್ಳಬೇಕು. ದುರಸ್ತಿಯ ಪ್ರಯತ್ನವೇ ಉಳಿದ ಕಡತಗಳನ್ನೂ ಹಾಳುಮಾಡಬಹುದು.

4. ಎಲ್ಲಿಯವರೆಗೆ ಖರ್ಚು ಮಾಡಬೇಕು?

ಆದಾಯ ತೆರಿಗೆ ನಿಯಮಗಳಲ್ಲಿ ಗಣಕಯಂತ್ರಗಳ ಸವಕಳಿ ದರವನ್ನು 2017-18ರ ಆರ್ಥಿಕ ವರ್ಷದಿಂದ ಶೇ. 60ರಿಂದ ಶೇ. 40ಕ್ಕೆ ಇಳಿಸಲಾಯಿತು. ಶೇ. 40ರ ದರದಲ್ಲಿ ಲೆಕ್ಕ ಹಾಕಿದರೂ 30,000 ರೂ. ಬೆಲೆಯ ಯಂತ್ರದ ಪುಸ್ತಕ ಮೌಲ್ಯ ಐದು ವರ್ಷಗಳ ನಂತರ ಸುಮಾರು 2,333 ರೂ. ಮಾತ್ರ. ಆದರೆ ಪುಸ್ತಕದಲ್ಲಿ ಮೌಲ್ಯ ಕರಗಿತೆಂದ ಮಾತ್ರಕ್ಕೆ ಉಪಯುಕ್ತತೆ ಕರಗುವುದಿಲ್ಲ. ಬ್ಯಾಟರಿ ಹಾಗೂ ಎಸ್‌ಎಸ್‌ಡಿಯ ಖರ್ಚಿನಲ್ಲಿ ಪತ್ರವ್ಯವಹಾರ, ದಾಸ್ತಾನು ಪಟ್ಟಿ, ಅಂತರಜಾಲದ ಕೆಲಸಗಳಿಗೆ ಯಂತ್ರ ಒದಗುವಂತಿದ್ದರೆ ಆ ಖರ್ಚು ಸಾರ್ಥಕ. ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದ್ದರೆ, ಮೆಮೊರಿ ಬದಲಿಸಿದ ಮೇಲೂ ಮೆಮೊರಿ ಪರೀಕ್ಷೆಯಲ್ಲಿ ದೋಷ ಕಂಡರೆ, ಅಲ್ಲಿಗೆ ನಿಲ್ಲಿಸುವುದು ವಿವೇಕ. ದುರಸ್ತಿಗೆ ನೌಕರರು ವ್ಯಯಿಸುವ ಗಂಟೆಗಳೂ ಖರ್ಚೇ ಎಂಬುದನ್ನು ಮರೆಯಬಾರದು.

ಸದಸ್ಯರು ಮೊದಲ ಪ್ರಯೋಗವನ್ನು ಬಿಲ್ಲಿಂಗ್ ನಡೆಯುವ ಮುಖ್ಯ ಯಂತ್ರದ ಮೇಲೆ ಮಾಡದೆ, ಪಕ್ಕದ ಯಂತ್ರವೊಂದರ ಮೇಲೆ ಮಾಡಿ ಒಂದು ತಿಂಗಳು ನಡೆಸಿ ನೋಡಲಿ. ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಾಂಕ ಸಹಿತ ಒಂದು ನೋಟ್ ಪುಸ್ತಕದಲ್ಲಿ ದಾಖಲಿಸಲಿ. ಪ್ರತಿ ತಿಂಗಳು ವಿವರ ಸಲ್ಲಿಸುವವರಿಗೆ 11ನೇ ತಾರೀಖು ಜಿಎಸ್‌ಟಿಆರ್-1ಕ್ಕೂ 20ನೇ ತಾರೀಖು ಜಿಎಸ್‌ಟಿಆರ್-3ಬಿಗೂ ಕೊನೆಯ ದಿನಗಳಾದ್ದರಿಂದ, ಈ ಕಾರ್ಯವನ್ನು 20 ಕಳೆದ ಮೇಲೆ ಕೈಗೆತ್ತಿಕೊಳ್ಳುವುದು ಸೂಕ್ತ.