ಮಾತೆಗೆ ವಂದನೆ, ದೇವರಿಗೆ ಆರಾಧನೆ
(ಇತರ ಕ್ರೈಸ್ತ ಸಭೆಗಳಿಂದ ಬರುವ ಯಾತ್ರಿಕರಿಗಾಗಿ ಒಂದು ಪಾಠ)

ಮಾತೆಯ ಬೆಟ್ಟಕ್ಕೆ ಬರುವವರೆಲ್ಲರೂ ಕಥೋಲಿಕರೇ ಅಲ್ಲ. ಸಿ.ಎಸ್.ಐ. ಸಭೆಯವರು, ಮೆಥೊಡಿಸ್ಟ್ ಸಭೆಯವರು, ಪೆಂತೆಕೋಸ್ತ್ ಸಭೆಗಳ ವಿಶ್ವಾಸಿಗಳು ಕೂಡ ಬರುತ್ತಾರೆ. ಕೆಲವರು ಮದುವೆಯಾಗಿ ಕಥೋಲಿಕ ಮನೆ ಸೇರಿದವರು. ಕೆಲವರು ಹುಟ್ಟಿದ ಮಗುವಿಗೆ ಯಾವ ಸಭೆಯಲ್ಲಿ ದೀಕ್ಷಾಸ್ನಾನ ಕೊಡಿಸೋಣ ಅಂತ ಯೋಚಿಸುತ್ತಿರುವವರು. ಇನ್ನು ಕೆಲವರು ಕಥೋಲಿಕ ವಿಶ್ವಾಸವನ್ನು ಹತ್ತಿರದಿಂದ ನೋಡಬೇಕೆಂದು ತಾವಾಗಿಯೇ ಬಂದವರು.

ಇವರಲ್ಲಿ ಅನೇಕರ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇರುತ್ತದೆ. “ದೇವರು ಒಬ್ಬರೇ ಅಂತೀರಿ, ಮತ್ತೆ ಮರಿಯಮ್ಮನ ಸ್ವರೂಪದ ಮುಂದೆ ಮೊಣಕಾಲೂರೋದು ಯಾಕೆ?” ಮನೆಯವರಿಗೆ ಬೇಸರವಾದೀತೆಂದು ಕೆಲವರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಗಂಡ ಮೇಣದಬತ್ತಿ ಹಚ್ಚಲು ಹೋದಾಗ ಹೆಂಡತಿ ಸ್ವಲ್ಪ ದೂರದಲ್ಲಿ ನಿಲ್ಲುತ್ತಾಳೆ, ಅಷ್ಟೇ. ಆದರೆ ಈ ಪ್ರಶ್ನೆ ತಪ್ಪಲ್ಲ. ಹತ್ತು ಆಜ್ಞೆಗಳಲ್ಲಿ ಮೊದಲನೆಯದಕ್ಕೆ ಹೆದರಿ ನಡೆಯುವವರಿಗೇ ಈ ಪ್ರಶ್ನೆ ಹುಟ್ಟುವುದು. ಅದಕ್ಕೆ ನೇರ ಉತ್ತರ ಸಿಗಬೇಕು.

1. ಬುನಾದಿ ಒಂದೇ

ಪಿತ, ಸುತ, ಪವಿತ್ರಾತ್ಮ ಎಂಬ ಏಕ ದೇವರನ್ನು ಕಥೋಲಿಕರು ವಿಶ್ವಾಸಿಸುತ್ತಾರೆ. ಯೇಸುಸ್ವಾಮಿ ನಿಜ ದೇವರು, ನಿಜ ಮಾನವರು. ಅವರ ಮರಣ ಪುನರುತ್ಥಾನಗಳಿಂದಲೇ ಲೋಕಕ್ಕೆ ರಕ್ಷಣೆ. 325ರ ನಿಸೇಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳು ರೂಪಿಸಿದ ವಿಶ್ವಾಸ ಪ್ರಮಾಣ ಸಿ.ಎಸ್.ಐ. ಸಭೆಯಲ್ಲೂ ಕೇಳಿಸುತ್ತದೆ, ಕಥೋಲಿಕ ದೇವಾಲಯದಲ್ಲೂ ಕೇಳಿಸುತ್ತದೆ.

ನೀರಿನಿಂದ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ, ಸರಿಯಾದ ಉದ್ದೇಶದಿಂದ ಕೊಟ್ಟ ದೀಕ್ಷಾಸ್ನಾನವನ್ನು ಕಥೋಲಿಕ ಧರ್ಮಸಭೆ ಒಪ್ಪಿಕೊಳ್ಳುತ್ತದೆ. ಆದ್ದರಿಂದ ಅಂಥವರು ಬೆಟ್ಟಕ್ಕೆ ಬಂದಾಗ ಪರಕೀಯರಾಗಿ ಬರುವುದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಅವರನ್ನು ಪ್ರಭುವಿನಲ್ಲಿ ಸಹೋದರ ಸಹೋದರಿಯರೆಂದು ಗುರುತಿಸಿದೆ.

2. ಆರಾಧನೆ ಬೇರೆ, ವಂದನೆ ಬೇರೆ

ಆರಾಧನೆ ದೇವರೊಬ್ಬರಿಗೇ ಸಲ್ಲಬೇಕು. ಮರಿಯಮ್ಮನನ್ನಾಗಲಿ ಸಂತರನ್ನಾಗಲಿ ದೇವರೆಂದು ಆರಾಧಿಸಿದರೆ ಅದು ಕಥೋಲಿಕ ಬೋಧನೆಯ ಪ್ರಕಾರವೇ ಪಾಪ. ಸಂತರಿಗೆ ಸಲ್ಲುವುದು ವಂದನೆ. ಮಾತೆಗೆ ಸಲ್ಲುವುದು ವಿಶೇಷ ವಂದನೆ. ಈ ವಿಶೇಷ ವಂದನೆಗೂ ದೇವರ ಆರಾಧನೆಗೂ ಇರುವ ಅಂತರ ಸೃಷ್ಟಿಗೂ ಸೃಷ್ಟಿಕರ್ತರಿಗೂ ಇರುವ ಅಂತರ. ಮರಿಯಮ್ಮ ಎಷ್ಟೇ ಪರಿಶುದ್ಧರಾದರೂ ದೇವರ ಸೃಷ್ಟಿಯೇ. ತಾನು ಪ್ರಭುವಿನ ದಾಸಿ ಎಂದು ಅವರೇ ದೇವದೂತನಿಗೆ ಹೇಳಿಕೊಂಡರು (ಲೂಕ 1:38).

ಸ್ವರೂಪಗಳ ವಿಷಯವೂ ಹೀಗೇ. 787ರಲ್ಲಿ ನಿಸೇಯದಲ್ಲಿ ಸೇರಿದ ಎರಡನೇ ಮಹಾಸಭೆ ಇದನ್ನು ಇತ್ಯರ್ಥ ಮಾಡಿತು: ಸ್ವರೂಪಕ್ಕೆ ತೋರಿದ ಗೌರವ ಆ ಸ್ವರೂಪ ಯಾರದೋ ಅವರಿಗೆ ಸಲ್ಲುತ್ತದೆ, ಮರಕ್ಕೂ ಬಣ್ಣಕ್ಕೂ ಅಲ್ಲ. ತೀರಿಹೋದ ಅಜ್ಜಿಯ ಫೋಟೋವನ್ನು ಮೊಮ್ಮಗಳು ಒರೆಸಿ ಕೈಮುಗಿದರೆ, ಆ ಕಾಗದವೇ ಅಜ್ಜಿ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. “ಮಾತೆಯ ಹಬ್ಬದ ಪೂಜೆಗೆ ಹೋಗೋಣ” ಅಂತ ಜನ ಹೇಳುತ್ತಾರೆ. ಕೇಳಿದವರಿಗೆ ಇದು ಮರಿಯಮ್ಮನಿಗೆ ಮಾಡುವ ಪೂಜೆ ಅಂತ ಅನಿಸುವುದು ಸಹಜ. ಆದರೆ ಇಲ್ಲಿ ಪೂಜೆ ಎಂದರೆ ಬಲಿಪೂಜೆ. ಅದು ಯಾವ ಸಂತರ ಹಬ್ಬದಲ್ಲಾದರೂ ಅರ್ಪಣೆಯಾಗುವುದು ಪಿತದೇವರಿಗೆ ಮಾತ್ರ.

“ದೇವಮಾತೆ” ಎಂಬ ಬಿರುದನ್ನು 431ರ ಎಫೆಸ ಮಹಾಸಭೆ ಎತ್ತಿಹಿಡಿದದ್ದು ಕ್ರಿಸ್ತರನ್ನು ಕಾಪಾಡಲಿಕ್ಕಾಗಿ. ಹುಟ್ಟಿದ ಮಗು ನಿಜವಾಗಿ ದೇವರಾಗಿದ್ದರೆ ಹೆತ್ತವಳು ದೇವಮಾತೆ. ಆಕೆ ದೇವರಿಗಿಂತ ಮೊದಲಿದ್ದಳು ಎಂಬ ಅರ್ಥ ಅದಕ್ಕಿಲ್ಲ.

3. ನೇರವಾಗಿ ಯೇಸುವನ್ನೇ ಕೇಳಬಾರದೇ?

ಖಂಡಿತ ಕೇಳಬಹುದು, ಕೇಳಬೇಕು. ದೇವರಿಗೂ ಮನುಷ್ಯರಿಗೂ ಕ್ರಿಸ್ತಯೇಸು ಒಬ್ಬರೇ ಮಧ್ಯಸ್ಥರೆಂದು ಸಂತ ಪೌಲರು ಬರೆದಿದ್ದಾರೆ (1 ತಿಮೊಥೇಯ 2:5). ಅದೇ ಅಧ್ಯಾಯದ ಆರಂಭದಲ್ಲಿ, ಎಲ್ಲರಿಗಾಗಿ ಬಿನ್ನಹ ಮಾಡಬೇಕೆಂದೂ ಅವರೇ ಹೇಳುತ್ತಾರೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ “ಸ್ವಲ್ಪ ಪ್ರಾರ್ಥನೆ ಮಾಡಿ” ಅಂತ ಎಲ್ಲ ಸಭೆಯವರೂ ಒಬ್ಬರಿಗೊಬ್ಬರು ಹೇಳುತ್ತಾರೆ. ಅದರಿಂದ ಕ್ರಿಸ್ತರ ಸ್ಥಾನಕ್ಕೆ ಕುಂದಾಗುವುದಿಲ್ಲ. ಮರಣ ಈ ಬಂಧವನ್ನು ಕಡಿಯುವುದಿಲ್ಲ ಎನ್ನುವುದು ಕಥೋಲಿಕರ ವಿಶ್ವಾಸ. ಪ್ರಕಟನೆ ಗ್ರಂಥದಲ್ಲಿ (5:8) ಪವಿತ್ರ ಜನರ ಪ್ರಾರ್ಥನೆಗಳು ಧೂಪದಂತೆ ದೇವರ ಸನ್ನಿಧಿಗೆ ಏರುತ್ತವೆ.

ಜಪಸರದ ನಮೋ ಮರಿಯ ಪ್ರಾರ್ಥನೆಯಲ್ಲೂ ಇದನ್ನೇ ಕಾಣಬಹುದು. ಮೊದಲ ಭಾಗ ಲೂಕನ ಶುಭಸಂದೇಶದ ಒಂದನೇ ಅಧ್ಯಾಯದಿಂದ, ದೇವದೂತನ ಮತ್ತು ಎಲಿಜಬೇತಳ ಮಾತುಗಳಿಂದ ಬಂದದ್ದು. ಎರಡನೇ ಭಾಗದಲ್ಲಿ ಇರುವುದು, ಪಾಪಿಗಳಿಗಾಗಿ ಪ್ರಾರ್ಥಿಸಿ ಎಂಬ ಕೋರಿಕೆ. “ವರ ಕೊಡು” ಎಂದಿಲ್ಲ, “ಪ್ರಾರ್ಥಿಸು” ಎಂದಿದೆ. ಮಣಿ ಎಣಿಸುವಾಗ ಧ್ಯಾನಿಸಬೇಕಾದದ್ದು ಕ್ರಿಸ್ತರ ಜನನ, ಸೇವೆ, ಪಾಡು, ಮಹಿಮೆಗಳನ್ನು. ಪೋಪ್ ಎರಡನೇ ಜಾನ್ ಪಾಲ್ ಅವರು 2002ರಲ್ಲಿ ಸೇರಿಸಿದ ಐದು ರಹಸ್ಯಗಳು ಕ್ರಿಸ್ತರ ಬಹಿರಂಗ ಜೀವನವನ್ನೇ ಕುರಿತವು.

ಈ ಎಲ್ಲೆಯನ್ನು ಧರ್ಮಸಭೆ ಇಂದಿಗೂ ಕಾಯುತ್ತಿದೆ. ಮರಿಯಮ್ಮನನ್ನು “ಸಹರಕ್ಷಕಿ” ಎಂದು ಕರೆಯುವುದು ಸೂಕ್ತವಲ್ಲ, ಅದರಿಂದ ಕ್ರಿಸ್ತರೊಬ್ಬರೇ ರಕ್ಷಕರೆಂಬ ಸತ್ಯ ಮಸುಕಾಗುತ್ತದೆ ಎಂದು ವ್ಯಾಟಿಕನ್ನಿನ ವಿಶ್ವಾಸ ಬೋಧನಾ ವಿಭಾಗ 2025ರ ನವೆಂಬರಿನಲ್ಲಿ ತಿಳಿಸಿತು. ಪೋಪ್ ಹದಿನಾಲ್ಕನೇ ಲಿಯೊ ಅವರು ಇದಕ್ಕೆ ಅನುಮೋದನೆ ಕೊಟ್ಟರು.

4. ಹರಕೆ ವ್ಯಾಪಾರವಲ್ಲ

ಹೊರಗಿನವರಿಗೆ ಅನುಮಾನ ಬರುವಂತೆ ಕಥೋಲಿಕ ಯಾತ್ರಿಕರೇ ಕೆಲವೊಮ್ಮೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ಒಪ್ಪಬೇಕು. “ಇಷ್ಟು ಮೇಣದಬತ್ತಿ ಹಚ್ತೀನಿ, ಮಗನಿಗೆ ಕೆಲಸ ಕೊಡಿಸು” ಎಂದು ಚೌಕಾಸಿ ಮಾಡುವುದುಂಟು. ಬೆಟ್ಟ ಹತ್ತಿ, ಮೇಣದಬತ್ತಿ ಹಚ್ಚಿ, ಬಲಿಪೂಜೆಯ ಗಂಟೆ ಹೊಡೆದಾಗ ಬಸ್ಸಿಗೆ ಓಡುವುದೂ ಉಂಟು.

ದೇವರ ಕೃಪೆಯನ್ನು ಕೊಳ್ಳಲಾಗುವುದಿಲ್ಲ. 1517ರಲ್ಲಿ ಮಾರ್ಟಿನ್ ಲೂಥರ್ ದನಿಯೆತ್ತಿದ್ದು ಪಾಪದ ಶಿಕ್ಷೆ ಕಳೆಯುವ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದ ದುರಭ್ಯಾಸದ ಮೇಲೆ. ಟ್ರೆಂಟ್ ಮಹಾಸಭೆ 1563ರಲ್ಲಿ ಆ ದುರ್ಲಾಭವನ್ನು ಖಂಡಿಸಿತು. 1567ರಲ್ಲಿ ಪೋಪ್ ಐದನೇ ಪಯಸ್ ಅಂಥ ಹಣದ ಪತ್ರಗಳನ್ನು ರದ್ದುಮಾಡಿದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಒಂದು ಘೋಷಣೆಗೆ ಸಹಿ ಹಾಕಿದರು: ಮನುಷ್ಯರು ದೇವರಿಗೆ ಒಪ್ಪಿಗೆಯಾಗುವುದು ಸ್ವಂತ ಪುಣ್ಯದಿಂದಲ್ಲ, ಕ್ರಿಸ್ತರಲ್ಲಿಟ್ಟ ವಿಶ್ವಾಸದಲ್ಲಿ, ಕೃಪೆಯಿಂದ ಮಾತ್ರ. ಒಳ್ಳೆಯ ಕೆಲಸಗಳು ಆ ಕೃಪೆಯ ಫಲ.

ಹಾಗಾದರೆ ಮೇಣದಬತ್ತಿ ಏಕೆ? ಅದು ಲಂಚವಲ್ಲ, ಪ್ರಾರ್ಥನೆಯ ಗುರುತು. ಹಚ್ಚಿದವರು ಬೆಟ್ಟ ಇಳಿದ ಮೇಲೂ ಅದು ಸ್ವಲ್ಪ ಹೊತ್ತು ಉರಿಯುತ್ತದೆ. ಹಚ್ಚಲು ಮನಸ್ಸು ಒಪ್ಪದಿದ್ದರೆ ಹಚ್ಚಬೇಕಾಗಿಲ್ಲ. ಯಾರೂ ಬಲವಂತ ಮಾಡಬಾರದು.

5. ಬೆಟ್ಟದ ಕೇಂದ್ರ ಬಲಿಪೀಠ

ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ನಿಜವಾಗಿ ಕ್ರಿಸ್ತರ ಶರೀರ ಮತ್ತು ರಕ್ತವಾಗುತ್ತವೆ ಎಂದು ಕಥೋಲಿಕರು ವಿಶ್ವಾಸಿಸುತ್ತಾರೆ (ಯೊವಾನ್ನ 6, 1 ಕೊರಿಂಥ 11). ಆದ್ದರಿಂದ ಪರಮಪ್ರಸಾದದ ಮುಂದೆ ಮಾಡುವುದು ಬರೀ ವಂದನೆಯಲ್ಲ, ಆರಾಧನೆ. ಇಲ್ಲೇ ಒಂದು ನೋವೂ ಇದೆ. ಗಂಡ ಪರಮಪ್ರಸಾದ ಸ್ವೀಕರಿಸಲು ಎದ್ದು ಹೋಗುತ್ತಾನೆ, ಬೇರೆ ಸಭೆಯ ಹೆಂಡತಿ ಬೆಂಚಿನಲ್ಲೇ ಉಳಿಯುತ್ತಾಳೆ. ಪ್ರಾಣಾಪಾಯದಂಥ ವಿಶೇಷ ಸಂದರ್ಭಗಳನ್ನು ಬಿಟ್ಟರೆ ನಿಯಮ ಹಾಗೇ ಇದೆ. ಅದು ಆಕೆಯ ಭಕ್ತಿಯ ಮೇಲೆ ಕೊಟ್ಟ ತೀರ್ಪಲ್ಲ. ಪ್ರಸಾದ ಸ್ವೀಕರಿಸುವಾಗ ಹೇಳುವ “ಆಮೆನ್” ಕ್ರಿಸ್ತರ ಸಾನ್ನಿಧ್ಯಕ್ಕೂ ಧರ್ಮಸಭೆಯ ಪೂರ್ಣ ಐಕ್ಯಕ್ಕೂ ಒಟ್ಟಿಗೆ ಕೊಡುವ ಒಪ್ಪಿಗೆ. ಐಕ್ಯ ಇನ್ನೂ ಪೂರ್ಣವಾಗಿಲ್ಲ. ಗಂಭೀರ ಪಾಪದಲ್ಲಿರುವ ಕಥೋಲಿಕರೂ ಪಾಪನಿವೇದನೆ ಮಾಡದೆ ಪ್ರಸಾದ ಸ್ವೀಕರಿಸುವಂತಿಲ್ಲ. ಬೆಂಚಿನಲ್ಲಿ ಕುಳಿತವರ ಮೌನ ಪ್ರಾರ್ಥನೆಯನ್ನೂ ಪ್ರಭು ಆಲಿಸುತ್ತಾರೆ.

6. ಮುಂದೆ ಹೆಜ್ಜೆ ಇಡಬೇಕೆನಿಸಿದರೆ

ಅವಸರ ಬೇಡ. ವಿಶ್ವಾಸಕ್ಕೆ ಬಲವಂತ ಸಲ್ಲದೆಂದು ಧರ್ಮಸಭೆಯೇ 1965ರಲ್ಲಿ ಸಾರಿದೆ. ಊರಿನ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತಾಡಬಹುದು. ಸಿದ್ಧತೆಯ ಕಾಲ ಮುಗಿದ ಮೇಲೆ ವಿಶ್ವಾಸ ನಿವೇದನೆ, ದೃಢೀಕರಣ, ಪರಮಪ್ರಸಾದಗಳ ಮೂಲಕ ಸ್ವೀಕರಿಸಲಾಗುತ್ತದೆ. ಸರಿಯಾಗಿ ದೀಕ್ಷಾಸ್ನಾನ ಪಡೆದವರಿಗೆ ಅದನ್ನು ಮತ್ತೆ ಕೊಡುವುದಿಲ್ಲ.

ಮಿಶ್ರ ವಿವಾಹದಲ್ಲಿ, ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ಕೈಲಾದಷ್ಟು ಮಾಡುತ್ತೇನೆಂದು ಕಥೋಲಿಕ ಸಂಗಾತಿ ಮಾತು ಕೊಡುತ್ತಾರೆ. ಇನ್ನೊಬ್ಬರಿಗೆ ಅದನ್ನು ತಿಳಿಸುತ್ತಾರೆ. ಅವರಿಂದ ಅದೇ ಮಾತನ್ನು ಕೇಳುವುದಿಲ್ಲ. ಆದ್ದರಿಂದ ಮಗುವಿನ ದೀಕ್ಷಾಸ್ನಾನದ ವಿಷಯವನ್ನು ಇಬ್ಬರೂ ಮದುವೆಗೆ ಮುಂಚೆಯೇ ಮನಬಿಚ್ಚಿ ಮಾತಾಡಿಕೊಳ್ಳುವುದು ಒಳ್ಳೆಯದು.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮಾತೆ ತಾವೇ ಅದ್ಭುತ ಮಾಡಲಿಲ್ಲ. ಕೊರತೆಯನ್ನು ಮಗನಿಗೆ ತಿಳಿಸಿದರು. ಆತ ಹೇಳಿದಂತೆ ಮಾಡಿರಿ ಎಂದು ಕೆಲಸದವರಿಗೆ ಸೂಚಿಸಿದರು (ಯೊವಾನ್ನ 2). ಮಾತೆಯ ಬಳಿ ಬಂದವರು ಮಗನ ಮಾತಿನಂತೆ ನಡೆಯಲು ಹೊರಟರೆ ಯಾತ್ರೆ ಸಾರ್ಥಕ. ಅದು ಕಥೋಲಿಕರಿಗೂ ಅನ್ವಯ, ಉಳಿದವರಿಗೂ ಅನ್ವಯ.