ಕಾರಿನ ಆಂಪ್ಲಿಫೈಯರ್ ಮನೆಯಲ್ಲಿ ಹಾಡುವುದೇ?

ಮಕ್ಕಳೇ, ಕೆಲವು ಕಾರುಗಳ ಡಿಕ್ಕಿಯಲ್ಲಿ ದೊಡ್ಡ ಪೆಟ್ಟಿಗೆಯೊಂದು ಇರುವುದನ್ನು ನೋಡಿದ್ದೀರಾ? ಹಾಡು ಹಾಕಿದರೆ ಸಾಕು, ಅದರಿಂದ 'ಧಂ ಧಂ' ಎಂಬ ಸದ್ದು ಬಂದು ಕಾರಿನ ಗಾಜೂ ಅದುರುತ್ತದೆ. ಆ ಪೆಟ್ಟಿಗೆಯೊಳಗಿನ ಧ್ವನಿವರ್ಧಕವೇ ಸಬ್‌ವೂಫರ್. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳಿರುವ ಶಬ್ದಗಳು ಕೇಳಿಸುತ್ತವೆ. ಸಬ್‌ವೂಫರ್ ಹೊರಡಿಸುವುದು ಇವುಗಳಲ್ಲಿ ಸುಮಾರು 20ರಿಂದ 200 ಕಂಪನಗಳಿರುವ ಗಡಸು ಶಬ್ದಗಳನ್ನು ಮಾತ್ರ. ಇದಕ್ಕಾಗಿ ಅದು ಬಹಳಷ್ಟು ಗಾಳಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಬೇಕು. ಅದಕ್ಕೆ ಬೇಕಾದ ಬಲವಾದ ವಿದ್ಯುತ್ತನ್ನು ಒದಗಿಸುವ ಉಪಕರಣವೇ ಆಂಪ್ಲಿಫೈಯರ್.

ಒಬ್ಬರು ತಮ್ಮ ಹಳೆಯ ಕಾರನ್ನು ಮಾರಿದರು, ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಮಾತ್ರ ಮನೆಯಲ್ಲಿ ಉಳಿದವು ಎಂದುಕೊಳ್ಳೋಣ. ಅವನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ ಹಾಡು ಕೇಳಬಹುದೇ? ಕಂಪ್ಯೂಟರಿನಿಂದ ಹಾಡಿನ ಸಂಕೇತವನ್ನು ಆಂಪ್ಲಿಫೈಯರಿಗೆ ತರುವುದು ಸುಲಭ, ಒಂದು ತೆಳುವಾದ ತಂತಿ ಸಾಕು. ಆದರೆ ಆಂಪ್ಲಿಫೈಯರ್ ಕೆಲಸ ಮಾಡಲು ಬೇಕಾದ ವಿದ್ಯುತ್ತನ್ನು ಎಲ್ಲಿಂದ ತರುವುದು? ಕಷ್ಟ ಇರುವುದು ಇಲ್ಲಿಯೇ.

ಎರಡು ಬಗೆಯ ವಿದ್ಯುತ್

ನಮ್ಮ ಮನೆಗೆ ಬರುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್ (ಎ.ಸಿ.). ಅದರ ದಿಕ್ಕು ಸೆಕೆಂಡಿಗೆ 100 ಬಾರಿ ಬದಲಾಗುತ್ತದೆ. ಕಾರಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟ್‌ನ ಆರು ಕೋಶಗಳಿವೆ. ಒಟ್ಟು 12 ವೋಲ್ಟ್. ಅದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ (ಡಿ.ಸಿ.). ಕಾರಿನ ಆಂಪ್ಲಿಫೈಯರನ್ನು ತಯಾರಿಸಿರುವುದು ಈ 12 ವೋಲ್ಟಿಗಾಗಿ. ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಬೆಂಕಿಯೂ ಹತ್ತಬಹುದು, ಮುಟ್ಟಿದವರ ಪ್ರಾಣಕ್ಕೂ ಅಪಾಯ.

12 ವೋಲ್ಟ್ ಇದ್ದರೆ ಸಾಕೇ?

'12 ವೋಲ್ಟ್ ಎಂದು ಬರೆದಿರುವ ಸಣ್ಣ ಅಡಾಪ್ಟರ್ ಮನೆಯಲ್ಲೇ ಇದೆಯಲ್ಲ!' ಎಂದು ನೀವು ಕೇಳಬಹುದು. ನೀರಿನ ತೊಟ್ಟಿಯೊಂದನ್ನು ನೆನಪಿಸಿಕೊಳ್ಳಿ. ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್ ಇದ್ದಂತೆ. ಕೊಳವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂಬುದು ಆಂಪಿಯರ್ ಇದ್ದಂತೆ. ಚಕ್ರವೊಂದನ್ನು ತಿರುಗಿಸಲು ಎತ್ತರವೊಂದೇ ಸಾಲದು, ನೀರೂ ಸಾಕಷ್ಟು ಹರಿಯಬೇಕು. ವಿದ್ಯುತ್ತಿಗೂ ಲೆಕ್ಕ ಹಾಗೆಯೇ:

ವೋಲ್ಟ್ × ಆಂಪಿಯರ್ = ವ್ಯಾಟ್

ಅಡಾಪ್ಟರಿನ ಮೇಲೆ '12 ವೋಲ್ಟ್, 1 ಆಂಪಿಯರ್' ಎಂದು ಬರೆದಿದ್ದರೆ ಅದು ಕೊಡಬಲ್ಲದ್ದು 12 ವ್ಯಾಟ್ ಮಾತ್ರ. ನಮ್ಮ ಆಂಪ್ಲಿಫೈಯರ್ ಜೋರಾಗಿ ಹಾಡುವಾಗ 300 ವ್ಯಾಟ್ ಕೇಳುತ್ತದೆ ಎಂದುಕೊಳ್ಳಿ. ಆಗ 300 ÷ 12 = 25 ಆಂಪಿಯರ್ ಬೇಕು! ಅಡಾಪ್ಟರ್ ಇಷ್ಟು ಕೊಡಲಾರದೆ ಬಿಸಿಯಾಗಿ ಕೆಡಬಹುದು ಅಥವಾ ತಾನೇ ನಿಂತುಹೋಗಬಹುದು.

ತಂತಿ ದಪ್ಪ ಏಕೆ?

ಅದೇ 300 ವ್ಯಾಟ್ 230 ವೋಲ್ಟ್‌ನಲ್ಲಿ ಬಂದರೆ ಸುಮಾರು 1.3 ಆಂಪಿಯರ್ ಸಾಕು. ವೋಲ್ಟ್ ಕಡಿಮೆಯಾದಷ್ಟೂ ಪ್ರವಾಹ ಹೆಚ್ಚಬೇಕು. ಪ್ರವಾಹ ಹೆಚ್ಚಿದರೆ ತಂತಿ ಬಿಸಿಯಾಗುತ್ತದೆ. ಪ್ರವಾಹ 2 ಪಟ್ಟಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ 4 ಪಟ್ಟು. ಪ್ರವಾಹ 10 ಪಟ್ಟಾದರೆ ಶಾಖ 100 ಪಟ್ಟು! ಆದ್ದರಿಂದಲೇ ಕಾರಿನ ಆಂಪ್ಲಿಫೈಯರಿಗೆ ಬೆರಳಿನಂತಹ ದಪ್ಪ ತಂತಿ ಹಾಕುತ್ತಾರೆ. ದಪ್ಪ ತಂತಿಯಲ್ಲಿ ರೋಧ ಕಡಿಮೆ, ಶಾಖವೂ ಕಡಿಮೆ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದವರು ಬಳಸಿದ್ದೂ ಇದೇ ತತ್ತ್ವವನ್ನು. ಅವರು ವೋಲ್ಟನ್ನು ಹಲವು ಪಟ್ಟು ಏರಿಸಿ ಪ್ರವಾಹವನ್ನು ತಗ್ಗಿಸಿದರು. ದಾರಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕಡಿಮೆಯಾಯಿತು.

ಹಾಗಾದರೆ ದಾರಿ ಏನು?

230 ವೋಲ್ಟ್ ಎ.ಸಿ.ಯನ್ನು 12 ವೋಲ್ಟ್ ಡಿ.ಸಿ.ಯಾಗಿ ಬದಲಿಸಿ, ಬೇಕಾದಷ್ಟು ಆಂಪಿಯರನ್ನೂ ಕೊಡುವ 'ಪವರ್ ಸಪ್ಲೈ' ಬೇಕು. ಅದನ್ನು ತಿಳಿದವರೇ ಜೋಡಿಸಬೇಕು. ದಪ್ಪ ತಂತಿಗೆ ಸರಿಯಾದ ಫ್ಯೂಸ್ ಹಾಕಬೇಕು. ಆಂಪ್ಲಿಫೈಯರಿನಲ್ಲಿ 12 ವೋಲ್ಟ್, ಗ್ರೌಂಡ್ ಅಲ್ಲದೆ 'ರಿಮೋಟ್' ಎಂಬ ಮೂರನೆಯ ತುದಿಯೂ ಇರುತ್ತದೆ. ಅದಕ್ಕೂ 12 ವೋಲ್ಟ್ ಸಿಕ್ಕರೆ ಮಾತ್ರ ಆಂಪ್ಲಿಫೈಯರ್ ಎಚ್ಚರಗೊಳ್ಳುತ್ತದೆ.

ಹಳೆಯ ಕಂಪ್ಯೂಟರಿನ ಪವರ್ ಸಪ್ಲೈಯನ್ನು ಇದಕ್ಕೆ ಬಳಸುವವರೂ ಇದ್ದಾರೆ. ಅದರ ಮೇಲೆ '12 ವೋಲ್ಟ್, 15 ಆಂಪಿಯರ್' ಎಂದಿದ್ದರೆ ಸಿಗುವುದು 180 ವ್ಯಾಟ್. ಸಣ್ಣ ದನಿಗೆ ಸಾಕು, ಜೋರು ದನಿಗೆ ಸಾಲದು. ಆ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಕಾರಿನ ಬ್ಯಾಟರಿಯನ್ನೇ ಮನೆಯೊಳಗೆ ತಂದಿಟ್ಟರೆ? ಅದರಲ್ಲಿ ಗಂಧಕಾಮ್ಲವಿದೆ. ಚಾರ್ಜ್ ಮಾಡುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಒಂದು ಕಿಡಿ ಹಾರಿದರೂ ಸಿಡಿಯಬಹುದು. '12 ವೋಲ್ಟ್ ತಾನೇ, ಶಾಕ್ ಹೊಡೆಯುವುದಿಲ್ಲ' ಎಂದು ಹಗುರವಾಗಿ ನೋಡಬಾರದು. ಶಾಕ್ ಹೊಡೆಯದಿದ್ದರೂ ಅದು ಸುಡುತ್ತದೆ. ಎರಡು ತುದಿಗಳ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಡದಂತೆ ಕಾಯುತ್ತದೆ.

ಇನ್ನೊಂದು ಸಂಗತಿ ಕೇಳಿ. ಹೆಚ್ಚು ಬಲದ ಕಾರಿನ ಆಂಪ್ಲಿಫೈಯರ್ ತನಗೆ ಸಿಕ್ಕ 12 ವೋಲ್ಟನ್ನು ಒಳಗೆ ಮತ್ತೆ ಏರಿಸಿಕೊಳ್ಳುತ್ತದೆ. 4 ಓಮ್ ರೋಧದ ಸಬ್‌ವೂಫರಿಗೆ 200 ವ್ಯಾಟ್ ಕೊಡಲು ಸುಮಾರು 28 ವೋಲ್ಟ್ ಬೇಕು. ಅಂದರೆ ಮನೆಯಲ್ಲಿ ನಾವು 230ರಿಂದ 12ಕ್ಕೆ ಇಳಿಸುತ್ತೇವೆ, ಆಂಪ್ಲಿಫೈಯರ್ ಮತ್ತೆ ಏರಿಸುತ್ತದೆ. ಇಳಿಸುವಾಗಲೂ ಏರಿಸುವಾಗಲೂ ಸ್ವಲ್ಪ ವಿದ್ಯುತ್ ಶಾಖವಾಗಿ ನಷ್ಟವಾಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ಮನೆಗೆಂದೇ ಮಾಡಿದ ಆಂಪ್ಲಿಫೈಯರ್ ಮೇಲು. ಇರುವುದನ್ನೇ ಬಳಸುವವರು ಮೊದಲು ವ್ಯಾಟ್ ಲೆಕ್ಕ ಹಾಕಬೇಕು.

ಮಾಡಿ ನೋಡಿ

ಮನೆಯಲ್ಲಿರುವ ಮೊಬೈಲ್ ಚಾರ್ಜರ್, ಅಡಾಪ್ಟರ್‌ಗಳನ್ನು ಪ್ಲಗ್ಗಿನಿಂದ ತೆಗೆದುಕೊಡಲು ಹಿರಿಯರಿಗೆ ಹೇಳಿ. ಅವುಗಳ ಮೇಲೆ 'ಔಟ್‌ಪುಟ್' ಎಂದಿರುವಲ್ಲಿ ವೋಲ್ಟ್, ಆಂಪಿಯರ್ ಎಷ್ಟೆಂದು ಓದಿ ಪಟ್ಟಿ ಮಾಡಿ. ಗುಣಿಸಿ ವ್ಯಾಟ್ ಕಂಡುಹಿಡಿಯಿರಿ.

ಯೋಚಿಸಿ

1. 12 ವೋಲ್ಟ್‌ನ ಆಂಪ್ಲಿಫೈಯರಿಗೆ 120 ವ್ಯಾಟ್ ಬೇಕು. ಎಷ್ಟು ಆಂಪಿಯರ್ ಹರಿಯಬೇಕು?
2. 12 ವೋಲ್ಟ್, 5 ಆಂಪಿಯರ್‌ನ ಅಡಾಪ್ಟರ್ ಅದಕ್ಕೆ ಸಾಕೇ? ಕಾರಣ ಕೊಡಿ.