ಓದಿ ಒತ್ತು, ಮಗೂ

ಹೊಸ ಫೋನು ಬಂತು ಅಂತ ನೀನು ಮನೆಯೆಲ್ಲ ಕುಣಿದಾಡಿದ್ದು ನೋಡಿ ನನಗೂ ಸಂತೋಷವೇ. ಸ್ವಂತ ದುಡಿಮೆಯಲ್ಲಿ ಕೊಂಡದ್ದು, ಕುಣಿಯಬೇಕಾದ್ದೇ. ಆದರೆ ಡಬ್ಬಿ ಬಿಚ್ಚಿದ್ದೇ ತಡ, ಅದು ಕೇಳಿದ್ದಕ್ಕೆಲ್ಲ ಹೂಂಗುಟ್ಟಿದೆಯಲ್ಲ, ಅಲ್ಲಿ ನನ್ನ ತಕರಾರು. ಬೆರಳು ಇಡು ಅಂದಿತು, ಇಟ್ಟೆ. ಮುಖ ತೋರಿಸು ಅಂದಿತು, ತೋರಿಸಿದೆ. ಪಿನ್ ಹಾಕು ಅಂದಾಗ ಹುಟ್ಟಿದ ಇಸವಿ ಹಾಕಿ ಎದ್ದುಬಿಟ್ಟೆ. ಎಲ್ಲ ಮುಗಿದ ಮೇಲೆ, 'ಅಜ್ಜೀ, ಬೆರಳು ಒಳ್ಳೆಯದೋ ಮುಖ ಒಳ್ಳೆಯದೋ?' ಅಂತ ಕೇಳುತ್ತೀಯ. ಜಾಣ ನೀನು, ಪ್ರಶ್ನೆ ಸರಿಯಾಗಿಯೇ ಕೇಳುತ್ತೀಯ. ಕೆಲಸ ಮುಗಿಸಿ ಆಮೇಲೆ ಕೇಳುತ್ತೀಯ, ಅಷ್ಟೇ.

ನೇರವಾಗಿ ಹೇಳುತ್ತೇನೆ. ನಿನ್ನ ಈ ಫೋನಿಗೆ ಬೆರಳು ಸಾಕು. ಮುಖ ತೆಗೆದುಹಾಕು.

ಮುಖ ನೋಡಿ ತೆರೆಯುವ ಫೋನುಗಳಲ್ಲಿ ಎರಡು ಜಾತಿ ಇವೆ. ನಿನ್ನದು ಸೆಲ್ಫಿ ಕ್ಯಾಮೆರಾದಲ್ಲಿ ಒಂದು ಚಿತ್ರ ಹಿಡಿದು, ಮೊದಲೇ ಇಟ್ಟುಕೊಂಡ ಗುರುತಿನ ಜೊತೆ ತಾಳೆ ನೋಡುವ ಜಾತಿ. ಚಪ್ಪಟೆ ಚಿತ್ರಕ್ಕೆ ಮೂಗಿನ ಎತ್ತರ, ಕಣ್ಣಿನ ಗುಳಿ ಸರಿಯಾಗಿ ತಿಳಿಯುವುದಿಲ್ಲ. 2011ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಇದು ಮೊದಲು ಬಂದಾಗ ಯಜಮಾನನ ಫೋಟೋ ಹಿಡಿದರೂ ತೆರೆದುಕೊಳ್ಳುತ್ತಿತ್ತು. ಮರುವರ್ಷ, ಕಣ್ಣು ಮಿಟುಕಿಸಿದರೆ ಮಾತ್ರ ತೆರೆಯಲಿ ಅಂತ ಒಂದು ಷರತ್ತು ಸೇರಿಸಿದರು. ಈಗ ಸುಧಾರಿಸಿದೆ, ಆದರೆ ಕಡಿಮೆ ಬೆಲೆಯ ಫೋನುಗಳಲ್ಲಿ ಬುಡ ಅದೇ.

ಇನ್ನೊಂದು ಜಾತಿ 2017ರಲ್ಲಿ ಐಫೋನ್ ಎಕ್ಸ್ ಜೊತೆ ಬಂತು. ಅದು ಕಣ್ಣಿಗೆ ಕಾಣದ ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ ಉಬ್ಬುತಗ್ಗು ಅಳೆಯುತ್ತದೆ. ಕತ್ತಲಲ್ಲೂ ಕೆಲಸ ಮಾಡುತ್ತದೆ, ಬರೀ ಫೋಟೋ ಹಿಡಿದರೆ ಒಪ್ಪುವುದಿಲ್ಲ. ಗುರುತು ಪರಿಚಯವಿಲ್ಲದ ಯಾರದೋ ಮುಖಕ್ಕೆ ಅದು ತೆರೆದುಕೊಳ್ಳುವ ಸಂಭವ 10 ಲಕ್ಷಕ್ಕೆ ಒಂದು, ಬೆರಳಾದರೆ 50,000ಕ್ಕೆ ಒಂದು ಅಂತ ಆಪಲ್ ಕಂಪನಿ ಹೇಳುತ್ತದೆ. ಬರೀ ಅಂಕಿ ನೋಡಿದರೆ ಮುಖವೇ ಗೆದ್ದಿತು. ಆದರೆ ಅವಳಿಗಳಿಗೆ, ಒಂದೇ ಅಚ್ಚಿನಂತಿರುವ ಅಣ್ಣತಮ್ಮಂದಿರಿಗೆ, 13 ವರ್ಷದೊಳಗಿನ ಮಕ್ಕಳಿಗೆ ಈ ಲೆಕ್ಕ ನಿಲ್ಲುವುದಿಲ್ಲ ಅಂತಲೂ ಅದೇ ಕಂಪನಿ ಒಪ್ಪಿಕೊಂಡಿದೆ. ಬೆರಳಿನ ಗೆರೆ ಹಾಗಲ್ಲ. ಅವಳಿಗಳಲ್ಲೂ ಅದು ಬೇರೆ ಬೇರೆ.

ಅಂಗಡಿಯಲ್ಲಿ ಮಾತ್ರ ಎರಡನ್ನೂ ಫೇಸ್ ಅನ್‌ಲಾಕ್ ಅಂತಲೇ ಮಾರುತ್ತಾರೆ. ನಿನ್ನದು ಎಷ್ಟು ಗಟ್ಟಿ ಅಂತ ಗೊತ್ತಾಗಬೇಕಾದರೆ ಬ್ಯಾಂಕಿನ ಆ್ಯಪ್ ತೆರೆದು ನೋಡು. ಅದು ಬೆರಳನ್ನು ಒಪ್ಪಿ ಮುಖವನ್ನು ಕೇಳದೇ ಇದ್ದರೆ, ನಿನ್ನ ಫೋನಿನ ಮುಖದ ಬೀಗ ಹಣಕಾಸಿಗೆ ತಕ್ಕದ್ದಲ್ಲ ಅಂತ ತಿಳಿದುಕೋ. ಆಂಡ್ರಾಯ್ಡ್‌ನವರು ಈ ಬೀಗಗಳನ್ನು ಮೂರು ದರ್ಜೆ ಮಾಡಿದ್ದಾರೆ, ಬ್ಯಾಂಕಿನವರು ಸಾಮಾನ್ಯವಾಗಿ ನಂಬುವುದು ಗಟ್ಟಿ ದರ್ಜೆಯದನ್ನು. 2023ರಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಫೋನು ಸಾಧಾರಣ ಕ್ಯಾಮೆರಾದಲ್ಲೇ ಆ ದರ್ಜೆ ಮುಟ್ಟಿತು. ಹಾಗಾಗಿ ಕ್ಯಾಮೆರಾದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅಂಗಡಿಯವನ ಬಾಯಿಮಾತು ನಂಬಬೇಡ, ಬ್ಯಾಂಕಿನ ಆ್ಯಪ್ ನಂಬು ಅನ್ನುತ್ತೇನೆ.

ಇಷ್ಟನ್ನು ಯಾರಾದರೂ ಹೇಳಿಯಾರು. ನನಗೆ ಹೇಳಲೇಬೇಕಾದ್ದು ಬೇರೆ ಇದೆ, ಕಿವಿಗೊಟ್ಟು ಕೇಳು.

ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಕೌಂಟರಿನ ಹಿಂದೆ ಕೂತು ಕೆಲಸ ಮಾಡಿದವಳು ನಾನು. ಓದುಬರಹ ಬಾರದವರು ಸಾಲ ತೆಗೆದುಕೊಳ್ಳಲು ಬಂದರೆ ಕಾಗದದಲ್ಲಿ ಏನಿದೆ ಅಂತ ಪೂರ್ತಿ ಓದಿ ಹೇಳಬೇಕು, ಪಕ್ಕದಲ್ಲಿ ಸಾಕ್ಷಿ ಇರಬೇಕು, ಆಮೇಲೆ ಇಂಕ್ ಪ್ಯಾಡ್ ಮುಂದಿಡಬೇಕು. ಎಷ್ಟೋ ಜನ ಬಂದ ಕೂಡಲೇ ಹೆಬ್ಬೆರಳು ಚಾಚುತ್ತಿದ್ದರು. 'ಇರಿ ಗೌಡ್ರೆ, ಮೊದಲು ಕೇಳಿಸಿಕೊಳ್ಳಿ' ಅಂತ ಆ ಬೆರಳು ತಡೆಯುವುದೇ ನನ್ನ ದೊಡ್ಡ ಕೆಲಸವಾಗಿತ್ತು. ಊರಿನ ಸಾಹುಕಾರರ ಮುಂದೆ ಹಾಗೆ ತಡೆಯುವವರು ಯಾರೂ ಇರಲಿಲ್ಲ. ಕಾಗದದಲ್ಲಿ ಏನಿದೆ ಅಂತ ತಿಳಿಯದೆ ಒತ್ತಿದ ಹೆಬ್ಬೆಟ್ಟಿಗೆ ಹೊಲ ಮನೆ ಕಳೆದುಕೊಂಡವರ ಮಕ್ಕಳು ನಮ್ಮ ಶಾಖೆಗೇ ಬರುತ್ತಿದ್ದರು.

ಬೆರಳಚ್ಚಿನ ಕಥೆ ನಮ್ಮ ನೆಲದಲ್ಲೇ ಬೆಳೆದದ್ದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ, ರಸ್ತೆ ಸಾಮಗ್ರಿ ಒದಗಿಸಲು ಒಪ್ಪಿಕೊಂಡ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರಿನ ಹಿಂದೆ ಒತ್ತಿಸಿಕೊಂಡ. ನಾಳೆ 'ಇದು ನನ್ನದಲ್ಲ' ಅಂತ ಅವನು ಜಾರಿಕೊಳ್ಳಬಾರದು ಅನ್ನುವುದೇ ಉದ್ದೇಶ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಗೆರೆಗಳನ್ನು ವಿಂಗಡಿಸಿ ಹುಡುಕುವ ಕ್ರಮ ಕಟ್ಟಲು ಬೆವರು ಸುರಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಅದಕ್ಕೆ ನಿಂತ ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಮೊದಲಿನಿಂದಲೂ ಬೆರಳಿನ ಕೆಲಸ ಇದೇ ನೋಡು: ಒತ್ತಿದವನು ಒಪ್ಪಿದ ಹಾಗೆ.

ಈಗ ನಿನ್ನ ವಿಷಯಕ್ಕೆ ಬಾ. ನಿನಗೆ ಓದಲು ಬರುತ್ತದೆ, ಎರಡು ಮೂರು ಭಾಷೆಯಲ್ಲಿ ಬರುತ್ತದೆ. ಆದರೂ ಓದದೆ ಒತ್ತುತ್ತೀಯ. ಪರದೆ ಮೇಲೆ ಏನೋ ಬಂತು, ಬೆರಳಿನ ಚಿತ್ರ ಮಿನುಗಿತು, ನಿನ್ನ ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಯಿತು. ಬೀಗ ತೆಗೆಯುವುದಕ್ಕೋ, ಹಣ ಕಳಿಸುವುದಕ್ಕೋ, ಯಾವುದೋ ಆ್ಯಪ್ ಹಾಕಿಕೊಳ್ಳುವುದಕ್ಕೋ ನೋಡಿದೆಯಾ? 2025ರ ಅಕ್ಟೋಬರ್‌ನಿಂದ ಯುಪಿಐ ಪಾವತಿಗೂ ಪಿನ್ ಬದಲು ಫೋನಿನ ಬೆರಳು ಅಥವಾ ಮುಖದ ಗುರುತು ಸಾಕು ಎನ್ನುವ ಏರ್ಪಾಡು ಬಂದಿದೆ. ಅನುಕೂಲವೇ, ಬೇಡ ಅನ್ನುವುದಿಲ್ಲ. ಪಿನ್ ಒತ್ತುವಾಗ ಒಂದೊಂದು ಅಂಕಿಗೂ ಮನಸ್ಸು ಒಂದು ಕ್ಷಣ ನಿಲ್ಲುತ್ತಿತ್ತು. ಆ ಕ್ಷಣ ಹೋಯಿತು. ಅದನ್ನು ಇನ್ನು ನೀನೇ ಉಳಿಸಿಕೊಳ್ಳಬೇಕು. ಎಷ್ಟು ರೂಪಾಯಿ, ಯಾರ ಹೆಸರು, ಎರಡನ್ನೂ ಓದಿ ಆಮೇಲೆ ಬೆರಳು ಇಡು.

ಮುಖಕ್ಕಿಂತ ಬೆರಳು ನನಗೆ ಹೆಚ್ಚು ಮೆಚ್ಚುಗೆಯಾಗುವುದೂ ಈ ಕಾರಣಕ್ಕೇ. ಬೆರಳು ಇಡುವುದು ಒಂದು ಕೆಲಸ, ನೀನಾಗಿ ಮಾಡಬೇಕು. ಮುಖ ಹಾಗಲ್ಲ, ನೀನು ಸುಮ್ಮನೆ ಎದುರಿಗಿದ್ದರೂ ಆಯಿತು. ಐಫೋನಿನಿಂದ ಅಂಗಡಿಯಲ್ಲಿ ಹಣ ಕೊಡುವಾಗ ಮುಖ ತೋರಿಸಿದರೆ ಮುಗಿಯಲಿಲ್ಲ, ಪಕ್ಕದ ಬಟನ್ ಎರಡು ಸಲ ಒತ್ತಬೇಕು. ನೋಡಿದ್ದನ್ನೇ ಒಪ್ಪಿಗೆ ಅಂತ ತಿಳಿಯಬಾರದು ಎನ್ನುವ ವಿವೇಕ ಅದನ್ನು ಮಾಡಿದವರಿಗೆ ಇತ್ತು. 2019ರಲ್ಲಿ ಗೂಗಲ್‌ನ ಪಿಕ್ಸೆಲ್ 4 ಫೋನು ಕಣ್ಣು ಮುಚ್ಚಿದ ಮುಖಕ್ಕೂ ತೆರೆದುಕೊಳ್ಳುತ್ತಿತ್ತು. ಮಲಗಿದವರ ಮುಂದೆ ಹಿಡಿದರೆ ಸಾಕಿತ್ತು. ಜನ ಗಲಾಟೆ ಮಾಡಿದ ಮೇಲೆ ಮರುವರ್ಷ ಸರಿಪಡಿಸಿದರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಮಲಗಿದವರ ಬೆರಳನ್ನೂ ಎತ್ತಿ ಒತ್ತಬಹುದು. ಕಣ್ಣು ತೆರೆದು ನೋಡಲೇಬೇಕು ಎನ್ನುವ ಒಳ್ಳೆಯ ಮುಖದ ಬೀಗ ಅಲ್ಲಿ ಬೆರಳಿಗಿಂತ ಮೇಲು. ನೀನಂತೂ ಪೀಜಿಯಲ್ಲಿ ನಾಲ್ಕು ಜನರ ನಡುವೆ ಬಾಯಿ ತೆರೆದು ಗೊರಕೆ ಹೊಡೆಯುವವನು. ಮಲಗುವ ಮುಂಚೆ ಫೋನು ಆರಿಸುವ ಮೆನು ತೆರೆದರೆ ಆಂಡ್ರಾಯ್ಡ್‌ನಲ್ಲಿ ಲಾಕ್‌ಡೌನ್ ಅಂತ ಬರುತ್ತದೆ. ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮೊದಲು ಆನ್ ಮಾಡಿಕೊಳ್ಳಬೇಕು. ಅದನ್ನು ಒತ್ತಿದರೆ ಮುಂದಿನ ಸಲಕ್ಕೆ ಬೆರಳೂ ನಡೆಯದು, ಮುಖವೂ ನಡೆಯದು, ಪಿನ್ನೇ ಬೇಕು. ಐಫೋನಿನವರು ಪಕ್ಕದ ಬಟನ್ನನ್ನೂ ವಾಲ್ಯೂಮ್ ಬಟನ್ನನ್ನೂ ಒಟ್ಟಿಗೆ ಎರಡು ಸೆಕೆಂಡು ಹಿಡಿದರೆ ಅದೇ ಕೆಲಸ ಆಗುತ್ತದೆ.

ಬೆರಳಿಗೂ ದೋಷ ಉಂಟು. 2013ರಲ್ಲಿ ಐಫೋನ್ 5ಎಸ್ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲೆ ಬಿದ್ದ ಗುರುತನ್ನು ಫೋಟೋ ಹಿಡಿದು, ಅಚ್ಚು ತೆಗೆದು, ಅಂಟಿನಂಥ ಪದಾರ್ಥದಲ್ಲಿ ನಕಲಿ ಬೆರಳು ಮಾಡಿ ಅದನ್ನು ತೆರೆದು ತೋರಿಸಿದರು. 2019ರಲ್ಲಿ ಸ್ಯಾಮ್‌ಸಂಗ್ ಎಸ್10 ಫೋನಿಗೆ ಪರದೆ ಮುಚ್ಚುವ ಕೆಲವು ಸಿಲಿಕೋನ್ ಕವರ್ ಹಾಕಿದರೆ ಬೇರೆಯವರ ಬೆರಳಿಗೂ ತೆರೆಯುತ್ತಿತ್ತು, ಕಂಪನಿಯೇ ಒಪ್ಪಿಕೊಂಡು ತಿದ್ದಿತು. ಆದ್ದರಿಂದ ಪರದೆಯೊಳಗೇ ಬೆರಳು ಓದುವ ಫೋನಾದರೆ ಸಿಕ್ಕ ಸಿಕ್ಕ ಸ್ಕ್ರೀನ್ ಗಾರ್ಡ್ ಅಂಟಿಸಬೇಡ. ಅಂಟಿಸಿದ ಮೇಲೆ ಹಳೆಯ ಗುರುತು ಅಳಿಸಿ ಹೊಸದಾಗಿ ಹಾಕು.

ಆದರೆ ನಿನ್ನ ಫೋನಿಗಾಗಿ ಯಾರೂ ಅಂಟು ಕಾಯಿಸುತ್ತ ಕೂರುವುದಿಲ್ಲ, ಹೆದರಬೇಡ. ಹೆದರಬೇಕಾದ್ದು ಬಸ್ಸಿನಲ್ಲಿ ನಿನ್ನ ಹೆಗಲ ಮೇಲಿಂದ ಇಣುಕುವ ಕಣ್ಣಿಗೆ. ಬೆರಳು, ಮುಖ ಎರಡರ ಹಿಂದೆಯೂ ನಿಂತಿರುವುದು ಪಿನ್. ಮುಂಬಾಗಿಲಿಗೆ ಎಂಥ ಬೀಗ ಹಾಕಿದರೂ ಹಿತ್ತಿಲ ಬಾಗಿಲಿಗೆ ಚಿಲಕ ಬೇಡವೇ? ಫೋನು ಆರಿಸಿ ಹಚ್ಚಿದಾಗ ಪಿನ್ ಕೇಳುತ್ತದೆ, ಬೆರಳು ಐದಾರು ಸಲ ತಪ್ಪಿದರೆ ಪಿನ್ ಕೇಳುತ್ತದೆ, ಆಂಡ್ರಾಯ್ಡ್ ಆದರೆ 72 ಗಂಟೆಗೆ ಒಮ್ಮೆಯಾದರೂ ಕೇಳುತ್ತದೆ. ಪಿನ್ ಕದ್ದವನು ತನ್ನ ಬೆರಳನ್ನೇ ನಿನ್ನ ಫೋನಿಗೆ ಸೇರಿಸಿಕೊಳ್ಳಬಲ್ಲ. ಅಮೆರಿಕದ ಬಾರುಗಳಲ್ಲಿ ಹೀಗೆ ಪಿನ್ ಕದ್ದು ನೋಡಿ, ಆಮೇಲೆ ಫೋನು ಎಗರಿಸುವುದು ಹೆಚ್ಚಾದ ಮೇಲೆ ಆಪಲ್‌ನವರು 2024ರ ಜನವರಿಯಲ್ಲಿ ಕಳವಿನ ವಿರುದ್ಧ ಹೊಸ ರಕ್ಷಣೆ ತಂದರು. ಮನೆಯಿಂದ ದೂರ ಇದ್ದಾಗ ಮುಖ್ಯವಾದದ್ದನ್ನು ಬದಲಿಸಲು ಪಿನ್ ಒಂದೇ ಸಾಲದು, ಮುಖವೋ ಬೆರಳೋ ಬೇಕು, ಕೆಲವಕ್ಕೆ ಒಂದು ಗಂಟೆ ಕಾಯಲೂ ಬೇಕು. ಆ ಒಂದು ಗಂಟೆ ಕಾಯಿಸಿದ್ದು ನನಗೆ ತುಂಬ ಹಿಡಿಸಿತು. ಹುಟ್ಟಿದ ಇಸವಿ ಇವತ್ತೇ ತೆಗೆ. ಆರಂಕಿ ಹಾಕು. ಗಾಡಿ ನಂಬರು, ಮೊಬೈಲಿನ ಕೊನೆಯ ಅಂಕಿಗಳು ಬೇಡ.

ಪಿನ್ ಕಳುವಾದರೆ ಬದಲಿಸಬಹುದು. ಬೆರಳು ಬದಲಿಸಲಾಗದು, ಮುಖವಂತೂ ಇರುವುದೇ ಒಂದು. ಫೋನಿಗೆ ಕೊಟ್ಟ ಗುರುತು ಫೋನಿನೊಳಗೇ ಪ್ರತ್ಯೇಕ ಜಾಗದಲ್ಲಿ ಅಂಕಿಗಳ ರೂಪದಲ್ಲಿ ಉಳಿಯುತ್ತದೆ. ಆಧಾರ್‌ಗೆ ಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡ. ಆಧಾರ್‌ನದು ಬೇರೆಯೇ ವ್ಯವಸ್ಥೆ. ಅದಕ್ಕೆ ಕೊಟ್ಟ ಬೆರಳನ್ನೂ ಕಣ್ಣನ್ನೂ ಬೇಡದಾಗ ಲಾಕ್ ಮಾಡಿಡಬಹುದು, ಅದನ್ನೂ ಕಲಿತುಕೋ. ಮೈಮೇಲಿನ ಗುರುತಿಗೂ ಮನಸ್ಸಿನಲ್ಲಿರುವುದಕ್ಕೂ ಇರುವ ಭೇದ ಕಾನೂನಿಗೂ ಗೊತ್ತಿದೆ. ಆರೋಪಿಯಿಂದ ಹೆಬ್ಬೆಟ್ಟಿನ ಗುರುತು ಪಡೆಯುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತ ನಮ್ಮ ಸುಪ್ರೀಂ ಕೋರ್ಟು 1961ರ ಕಾಥಿ ಕಾಲು ಓಘಡ್ ಪ್ರಕರಣದಲ್ಲೇ ಹೇಳಿತು. ಮೈಮೇಲಿರುವ ಗೆರೆ ಗುಟ್ಟಲ್ಲ. ಗುಟ್ಟು ಅಂತ ಇರುವುದು ತಲೆಯೊಳಗೆ.

ಇನ್ನು ಪ್ರೀತಿ ಸ್ನೇಹದ ಮಾತು. ನಿನ್ನ ಫೋನಿನಲ್ಲಿ ಯಾರ ಯಾರ ಬೆರಳಿದೆ? ಗೆಳೆಯನದು ಒಂದು, ಆ ಹುಡುಗಿಯದು ಒಂದು ಅಂತ ಕೇಳಿದ್ದೇನೆ. ನಂಬಿಕೆ ಇದೆ ಅನ್ನುತ್ತೀಯ. ಇರಲಿ. ಆದರೆ ಆ ಬೆರಳಿಗೆ ನಿನ್ನ ಚಿತ್ರಗಳಷ್ಟೇ ಅಲ್ಲ, ಬೆರಳು ಒಪ್ಪುವ ಹಣದ ಆ್ಯಪೂ ತೆರೆಯುತ್ತದೆ. ನಾಳೆ ಜಗಳವಾದರೆ ಅಳಿಸಲು ಹೋಗುವುದು ಇಬ್ಬರಿಗೂ ಮುಜುಗರ. ಪ್ರೀತಿ ತೋರಿಸಲು ಬೇರೆ ಎಷ್ಟೋ ದಾರಿ ಇದೆ. ನಿನ್ನವೇ ಎರಡು ಬೆರಳು ಹಾಕು, ಎರಡೂ ಕೈಯಿಂದ ಒಂದೊಂದು. ಬಲಗೈಗೆ ಪೆಟ್ಟಾಗಿ ಬಟ್ಟೆ ಸುತ್ತಿಕೊಂಡ ದಿನ ಎಡಗೈ ಒದಗುತ್ತದೆ.

ಕೊನೆಗೊಂದು, ಇದರಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಿನ್ನ ಸೋದರತ್ತೆಯ ಬೆರಳನ್ನು ಫೋನು ಗುರುತಿಸಲಿಲ್ಲ ಅಂತ 'ಏನತ್ತೆ, ನಿಮಗೆ ಒತ್ತಲೂ ಬರಲ್ಲ' ಅಂತ ನಕ್ಕೆಯಲ್ಲ. ಅಡಿಕೆ ಸುಲಿದು, ಪಾತ್ರೆ ತಿಕ್ಕಿ, ಸಗಣಿ ಬಳಿದ ಬೆರಳದು. ಗೆರೆ ಸವೆದಿದೆ. ವಯಸ್ಸಾದಂತೆ ಚರ್ಮವೂ ಒಣಗುತ್ತದೆ. ಗಾರೆ ಕೆಲಸದವರಿಗೆ, ಬೀಡಿ ಕಟ್ಟುವವರಿಗೆ ಇದೇ ಪಾಡು. ನ್ಯಾಯಬೆಲೆ ಅಂಗಡಿಯ ಮೆಷಿನ್ ಮುಂದೆ ಬೆರಳು ಒರೆಸಿ ಒರೆಸಿ ಇಟ್ಟು ಸೋತು ನಿಂತವರನ್ನು ನೀನು ನೋಡಿಲ್ಲ, ನಾನು ನೋಡಿದ್ದೇನೆ. ದುಡಿದ ಬೆರಳಿಗೆ ಅವಮಾನ ಮಾಡಬೇಡ. ಅವರಿಗೆ ಕೈ ತೊಳೆದು ಒರೆಸಿಕೊಳ್ಳಲು ಹೇಳು, ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿ ಜಿಡ್ಡು ಒರೆಸಲಿ. ಹೆಬ್ಬೆರಳು ಆಗದಿದ್ದರೆ ಕಿರುಬೆರಳೋ ಉಂಗುರದ ಬೆರಳೋ ನೋಡು, ಅವು ಕಡಿಮೆ ಸವೆದಿರಬಹುದು. ಒಂದೇ ಬೆರಳನ್ನು ಎರಡು ಸಲ ಸೇರಿಸಿದರೂ ಕೆಲವು ಫೋನು ಬೇಗ ಗುರುತಿಸುತ್ತವೆ. ಯಾವುದೂ ಆಗದಿದ್ದರೆ ಪಿನ್ ಒಂದೇ ಇರಲಿ, ಅದರಲ್ಲೇನೂ ಕೊರತೆಯಿಲ್ಲ.

ಭಾನುವಾರ ಅತ್ತೆ ಮನೆಗೆ ಹೋಗು. ಕಳೆದ ಸಲ ಸಲೀಸಾಗಲಿ ಅಂತ ಅವರ ಫೋನಿಗೆ ನಿನ್ನ ಬೆರಳನ್ನೂ ಸೇರಿಸಿ ಬಂದಿದ್ದೀಯ, ಮೊದಲು ಅದನ್ನು ಅಳಿಸು. ಪರದೆ ಮೇಲೆ ಬರುವ ಸಾಲುಗಳನ್ನು ನಿಧಾನವಾಗಿ ಓದಿ ಹೇಳು, ಅವರು ಹೂಂ ಅಂದ ಮೇಲೆ ಮುಂದಕ್ಕೆ ಹೋಗು. ಪಿನ್ ಅವರೇ ಆರಿಸಿಕೊಳ್ಳಲಿ. ಅವರು ಒತ್ತುವಾಗ ನೀನು ಆ ಕಡೆ ತಿರುಗಿ ಕೂತುಕೋ.